ಆರಾಣೆ, ಹದಿಮೂರಾಣೆ

ಆಗಸ್ಟ್ 5, ಮಂಗಳವಾರ

ಇಲ್ಲಿಯವರೆಗೆ ಈ ಪ್ರಕರಣಕ್ಕೆ ಆದ ಖರ್ಚು: ಅರ್ಧ ಚಾಕ್‌ಪೀಸು. ಟಿಕೆಟ್ ಕಿಟಕಿಯ ಗಾಜು. ನನ್ನ ನಿದ್ದೆ. ಮಗಳು ಸಿಂಚನಳ ಎರಡು ದಿನದ ಕಾಲೇಜು. ಹೆಂಡತಿ ಮಮತ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಬೇರೆ ಕಾಲದಲ್ಲಾಗಿದ್ದರೆ ಇದನ್ನು ಲಾಭದ ಕಡೆ ಬರೆಯುತ್ತಿದ್ದೆ. ಬಂದ ಬೈಗುಳಗಳಿಗೆ ಲೆಕ್ಕವಿಟ್ಟಿಲ್ಲ, ಅವು ಆದಾಯವೋ ಖರ್ಚೋ ಇನ್ನೂ ತೀರ್ಮಾನವಾಗಿಲ್ಲ.

ನಾನು ಬರೆಯುವ ಪೈಕಿ ಅಲ್ಲ, ಮಾತಿನವನು. ಆಟೋದಲ್ಲಿ ಕೂತು ಮೈಕ್ ಹಿಡಿದು, ಹೊಸಕೋಟೆಯಿಂದ ನಂದಗುಡಿಯವರೆಗೆ ಸಿನಿಮಾ ಕೂಗಿಕೊಂಡು ಬದುಕಿದವನು. ಆ ಗಂಟಲಿಂದಲೇ ಮನೆ ಕಟ್ಟಿದೆ, ಆ ಗಂಟಲಿಂದಲೇ ಈ ಟಾಕೀಸನ್ನು ಲೀಸಿಗೆ ಹಿಡಿದೆ. ಈಗ ಫೋನಿನಲ್ಲಿ ಮಾತಾಡಿದರೆ ರೆಕಾರ್ಡ್ ಆಗುತ್ತದೆ. ಟೀ ಅಂಗಡಿಯಲ್ಲಿ ಮಾತಾಡಿದರೆ ಯಾರೋ ವಿಡಿಯೋ ಹಿಡಿಯುತ್ತಾರೆ. ಮಾತು ಎಲ್ಲಾದರೂ ಹೋಗಬೇಕಲ್ಲ? ಸಿಂಚನಳ ಹಳೇ ನೋಟ್‌ಬುಕ್ಕಿನ ಹಿಂಭಾಗ ಖಾಲಿ ಇತ್ತು.

ಆದದ್ದು ಇಷ್ಟು. ನಮ್ಮ ಟಾಕೀಸಿನ ಗೇಟಿನಲ್ಲಿ ಒಂದು ಕಪ್ಪು ಬೋರ್ಡ್ ಇದೆ. ಹೊಸ ಸಿನಿಮಾ ಬಿದ್ದ ಶುಕ್ರವಾರ ನಾನು ಹೊರಬಾಗಿಲಲ್ಲಿ ನಿಂತು, ಬರುವವರನ್ನೆಲ್ಲ ‘ಎಷ್ಟಾಣೆ?’ ಎಂದು ಕೇಳುತ್ತೇನೆ. ಹದಿನಾರಾಣೆ ಅಂದರೆ ಪೂರ್ತಿ ರೂಪಾಯಿ, ಅದನ್ನು ಈವರೆಗೆ ಯಾವ ಸಿನಿಮಾವೂ ಪಡೆದಿಲ್ಲ. ಜನ ಬಾಯಲ್ಲಿ ಹೇಳುವುದನ್ನೂ ಮುಖದಲ್ಲಿ ಹೇಳುವುದನ್ನೂ ಕೂಡಿಸಿ, ಸಂಜೆ ಆಟದ ಹೊತ್ತಿಗೆ ಚಾಕ್‌ಪೀಸಿನಲ್ಲಿ ಬರೆಯುತ್ತೇನೆ. ಬೋರ್ಡ್ ನೋಡಿಯೇ ಟಿಕೆಟ್ ತೆಗೆಯುವ ಸಂಸಾರಗಳು ಸುತ್ತಲ ಹಳ್ಳಿಗಳಲ್ಲಿವೆ. ‘ನಿನ್ ಸಿನಿಮಾಕ್ಕೆ ನೀನೇ ಕಡಿಮೆ ಬರೀತೀಯಲ್ಲೋ’ ಎಂದು ನಕ್ಕವರಿದ್ದಾರೆ. ಸುಳ್ಳು ಬರೆದರೆ ಆ ವಾರ ತುಂಬುತ್ತದೆ, ನಿಜ ಬರೆದರೆ ವರ್ಷ ತುಂಬುತ್ತದೆ. ಇದು ವ್ಯಾಪಾರ, ಹರಿಶ್ಚಂದ್ರನ ವಂಶ ಏನಲ್ಲ.

ಕಳೆದ ಶುಕ್ರವಾರ ಎರಡು ಸಿನಿಮಾ ಇದ್ದವು. ಒಂದು, ಅಭಿಮಾನಿಗಳು ಬಾಸ್ ಎಂದು ಕರೆಯುವ ದೊಡ್ಡ ಹೀರೋನದು. ಅವರ ಹೆಸರನ್ನು ಇಲ್ಲೂ ಬರೆಯುವುದಿಲ್ಲ. ಇನ್ನೊಂದು, ಬೆಳಗಿನ ಆಟ ಮಾತ್ರ, ಸೂಲಿಬೆಲೆ ಕಡೆಯ ಹುಡುಗಿ ಸಂಘಮಿತ್ರ ತೆಗೆದ ‘ಹಾಲಿನ ವ್ಯಾನು’. ಹಳ್ಳಿಯಲ್ಲಿ ಹಾಲು ಹಾಕುವ ಹೆಂಗಸರ ಕಥೆ, ಅವಳ ತಾಯಿಯೇ ನಾಯಕಿ. ಸಂಜೆ ನಾನು ಬರೆದೆ. ಮೇಲೆ ಬಾಸಿನ ಸಿನಿಮಾ, 6 ಆಣೆ. ಕೆಳಗೆ ಹಾಲಿನ ವ್ಯಾನು, 13 ಆಣೆ.

ಯಾರೋ ಫೋಟೋ ತೆಗೆದು ಫೋನಿಗೆ ಹಾಕಿದರು. ಬೋರ್ಡಿನ ಅಡಿಯಲ್ಲಿ ‘ಆಟದ ಸಮಯಕ್ಕೆ ಕರೆ ಮಾಡಿ’ ಎಂದು ನನ್ನ ನಂಬರನ್ನು ಪೇಂಟಿನಲ್ಲಿ ಬರೆಸಿದ್ದೇನೆ. ಅದೂ ಫೋಟೋದಲ್ಲಿ ಸ್ಪಷ್ಟವಾಗಿ ಬಂದಿದೆ.

ಮೊದಲ ದಿನ, ಬೈಯಲು ಬಾಸಿನ ಅಭಿಮಾನಿಗಳು ಮಾಡಿದ ಎಲ್ಲ ಫೋನೂ ಎತ್ತಿದೆ. ‘ಯಾವೂರಪ್ಪಾ? ಊಟ ಆಯ್ತಾ? ಸಿನಿಮಾ ನೋಡಿದ್ಯಾ?’ ಎಂದು ಒಬ್ಬೊಬ್ಬರನ್ನೇ ವಿಚಾರಿಸಿದೆ. ಗಿರಾಕಿ ರೇಗಿದರೆ ಕೂರಿಸಿ ಮಾತಾಡಿಸಬೇಕು, ಇದು ನನ್ನ ವಿದ್ಯೆ. ಆ ನನ್ನ ಮಾತನ್ನೇ ಕತ್ತರಿಸಿ, ಹಿಂದೆ ನಾಯಿ ಬೊಗಳುವ ಸದ್ದು ಹಾಕಿ ಹರಡಿದರು. ಭಾನುವಾರ ಗಾಜಿಗೆ ಕಲ್ಲು ಬಿತ್ತು. ಆಮೇಲೆ ಫೋನ್ ಆಫ್ ಮಾಡಿದೆ.

ಆಗಸ್ಟ್ 6, ಬುಧವಾರ

ನಮ್ಮ ಟಾಕೀಸಿಗೆ ಮ್ಯಾಪಿನಲ್ಲಿ ಸ್ಟಾರ್ ಕೊಡುತ್ತಾರಂತೆ. ನಾಲ್ಕು ಚಿಲ್ಲರೆ ಇದ್ದದ್ದು ಒಂದು ಚಿಲ್ಲರೆಯಾಗಿದೆ. ಸಿಂಚನ ಓದಿ ಹೇಳಿದಳು. ‘ಎಸಿ ಕೆಲಸ ಮಾಡಲ್ಲ.’ ನಮ್ಮಲ್ಲಿ ಎಸಿಯೇ ಇಲ್ಲ, ಫ್ಯಾನು. ‘ಬಾಲ್ಕನಿ ಗಬ್ಬು ನಾತ.’ ಬಾಲ್ಕನಿ ಕಟ್ಟಿಸುವ ಯೋಗ ಇನ್ನೂ ಬಂದಿಲ್ಲ. ಒಬ್ಬ ದುಬೈನಿಂದ ಬರೆದಿದ್ದಾನೆ, ಪಾರ್ಕಿಂಗ್ ಸರಿಯಿಲ್ಲ ಅಂತ. ನಕ್ಕೆ.

ಸಿಂಚನ ನಗಲಿಲ್ಲ. ಇನ್ನೊಂದು ತೋರಿಸಿದಳು. ಅವಳದೇ ಫೋಟೋ, ಕಾಲೇಜ್ ಡೇ ಸೀರೆಯಲ್ಲಿ. ಕೆಳಗೆ, ‘ಆರಾಣೆಯ ಮಗಳು. ಇವಳಿಗೆಷ್ಟು ಸ್ಟಾರ್ ಕೊಡ್ತೀರಾ?’ ಅದಕ್ಕೆ ಬಂದ ಉತ್ತರಗಳನ್ನು ಓದಿಸಬೇಡವೆಂದೆ.

‘ಬೋರ್ಡ್ ಅಳಿಸಿಬಿಡ್ತೀನಿ’ ಎಂದೆ.

‘ಅಳಿಸಿದ್ರೆ ಇಳಿಸ್ತಾರೇನಪ್ಪಾ ನನ್ ಫೋಟೋನ? ಸುಮ್ನಿರು. ನೀನು ಬರ್ದಿದ್ದು ಸರೀನಾ, ಸುಳ್ಳಾ?’

‘ಸರೀನೇ. ಇನ್ನೂ ಅರ್ಧಾಣೆ ದಯೆ ತೋರಿಸಿ ಬರ್ದಿದೀನಿ.’

‘ಮತ್ತೆ?’

ಮಧ್ಯಾಹ್ನ ಸಂಘಮಿತ್ರ ಲ್ಯಾಂಡ್‌ಲೈನಿಗೆ ಮಾಡಿದಳು. ಟಿಕೆಟ್ ಆ್ಯಪಿನಲ್ಲಿ ಅವಳ ಸಿನಿಮಾಕ್ಕೆ ಹತ್ತಕ್ಕೆ ಒಂಬತ್ತಿತ್ತು, ಒಂದೇ ಸಂಜೆಯಲ್ಲಿ ಎರಡಕ್ಕೆ ಇಳಿಯಿತು. ‘ಚಲಪತಣ್ಣ, ನನ್ ಸಿನಿಮಾ ನೋಡಿರೋರಿಗಿಂತ ಉಗಿದಿರೋರೇ ಜಾಸ್ತಿ ಕಣಣ್ಣ. ಉಗ್ಯೋಕಾದ್ರೂ ಟಿಕೆಟ್ ತಗೊಂಡಿದ್ರೆ ಸಾಲ ತೀರೋದು’ ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, ‘ನೋಡಿದೋರ ಮಾತು ಉಳಿದಿರೋದು ನಿಮ್ ಬೋರ್ಡಲ್ಲಿ ಮಾತ್ರ. ಅದೊಂದು ಇರ್ಲಿ’ ಎಂದಳು.

ಇರುತ್ತೆ ಕಣಮ್ಮ ಎಂದೆ. ಮಾತು ಕೊಟ್ಟೆ ಅಂತಲೇ ಲೆಕ್ಕ.

ಆಗಸ್ಟ್ 8, ಶುಕ್ರವಾರ. ವರಮಹಾಲಕ್ಷ್ಮಿ

ಅಕ್ಷರ ಹೇಗೆ ಬರುತ್ತೋ ಹಾಗೆ ಬರೆಯುತ್ತಿದ್ದೇನೆ.

ಮಮತ ಕಲಶ ಇಟ್ಟು, ಬೀದಿಯ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದಳು. ಬೆಳಿಗ್ಗೆಯಿಂದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ಒಬ್ಬರೂ ಬರಲಿಲ್ಲ. ಪಕ್ಕದ ಮನೆಯ ಅನುಸೂಯಮ್ಮ ಗೇಟಿನ ತನಕ ಬಂದು, ಮಮತಳ ಹಣೆ ನೋಡಿ, ಒಳಗೆ ಇಣುಕಿ, ‘ಆಮೇಲ್ ಬರ್ತೀನಮ್ಮ’ ಎಂದು ಹಿಂದಿರುಗಿದರು.

ಅಷ್ಟರಲ್ಲಿ ರಸ್ತೆ ತುದಿಯಿಂದ ಗೋಳು ಕೇಳಿಸಿತು. ನಮ್ಮಕ್ಕ ಅಮ್ಮಯಮ್ಮ, ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬಂದು, ಸೆರಗು ಬಾಯಿಗಿಟ್ಟುಕೊಂಡು, ‘ಅಯ್ಯೋ ನನ್ ತಮ್ಮಾ, ಯಾರಿಗೇನ್ ಮಾಡಿದ್ಯೋ, ನನಗಿಂತ ಮುಂಚೆ ಹೋಗ್ಬಿಟ್ಯಲ್ಲೋ’ ಎನ್ನುತ್ತ ಓಡಿಬರುತ್ತಿದ್ದಾಳೆ. ಕೈಯಲ್ಲಿ ಹಾರ. ನಾನು ಬನಿಯನ್ನಿನಲ್ಲಿ ಹೊರಗೆ ಬಂದೆ. ನನ್ನನ್ನು ನೋಡಿ ನಿಂತಳು. ನೋಡಿದಳು. ಆ ಹಾರದಲ್ಲೇ ಎರಡು ಬಾರಿಸಿದಳು.

‘ಬದ್ಕಿದೀಯೇನೋ ಮುಂಡೇದೇ? ಬದ್ಕಿದ್ರೆ ಫೋನ್ ಎತ್ತೋಕೆ ಏನೋ ರೋಗ ನಿಂಗೆ?’

ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಕಟ್ಟಿದ್ದರು. ಭಾವಪೂರ್ಣ ಶ್ರದ್ಧಾಂಜಲಿ. ಮಧ್ಯೆ ನಾನು, ಟಾಕೀಸ್ ಶುರುವಾದ ದಿನದ ಫೋಟೋ, ಕೊರಳಲ್ಲಿ ಹಾರ ಇರುವುದು. ಬೇರೆ ಹಾರ ಅಂಟಿಸುವ ಶ್ರಮ ಅವರಿಗೆ ಉಳಿದಿದೆ. ಮರಣ: ಆರಾಣೆ ಬರೆದ ದಿನ. ಕೆಳಗೆ, ದುಃಖತಪ್ತ ಅಭಿಮಾನಿ ಬಳಗ.

ನಾನೇ ಹೋಗಿ ಬಿಚ್ಚಿದೆ. ಸತ್ತವನೇ ಬಂದು ತನ್ನ ಫ್ಲೆಕ್ಸ್ ಬಿಚ್ಚುವುದನ್ನು ಸುತ್ತ ನಿಂತು ಫೋನಿನಲ್ಲಿ ಹಿಡಿದರು. ಅವರಲ್ಲಿ ಯಾರು ಕಟ್ಟಿದವರು, ಯಾರು ಬಸ್ಸಿಗೆ ಕಾಯುವವರು, ತಿಳಿಯಲಿಲ್ಲ. ಭಯವೆಂದರೆ ಅದೇ. ಎಲ್ಲ ಮುಖವೂ ಗಿರಾಕಿಯ ಮುಖ.

ಮಮತ ಕೊನೆಗೆ ಆ ಕುಂಕುಮವನ್ನು ತಾನೇ ಇಟ್ಟುಕೊಂಡಳು. ಇವತ್ತು ಒಂದು ಮಾತಾಡಿದಳು. ‘ರೀ, ಅಳಿಸಿಬಿಡಿ.’

ಆಗಸ್ಟ್ 9, ಶನಿವಾರ

ದೂರು ಕೊಡಲು ಹೊರಟೆ. ಠಾಣೆಯ ಗೇಟಿನ ತನಕ ಹೋದೆ. ಹೊರಗೆ ಬೈಕಿನ ಮೇಲೆ ಕೂತಿದ್ದವನು ‘ನಮಸ್ಕಾರ ಚಲಪತಣ್ಣ, ಏನ್ ಇಲ್ಲಿ?’ ಎಂದ. ಯಾರೋ ಗೊತ್ತಿಲ್ಲ. ‘ಏನಿಲ್ಲಪ್ಪಾ, ಹಿಂಗೇ’ ಎಂದು ಬಾಳೆಹಣ್ಣು ತೆಗೆದುಕೊಂಡು ವಾಪಸ್ ಬಂದೆ.

ಆಗಸ್ಟ್ 10, ಭಾನುವಾರ

ಬೋರ್ಡನ್ನು ಒಳಗೆ ಪರದೆಯ ಹಿಂದೆ ಇಟ್ಟೆ. ಅಳಿಸಿಲ್ಲ. ಕೊಟ್ಟ ಮಾತು ಬೋರ್ಡ್ ಇರುತ್ತದೆ ಅಂತ. ಇದೆ.

‘ಹಾಲಿನ ವ್ಯಾನು’ ಆಟವನ್ನೂ ತೆಗೆದೆ. ಪ್ರೊಜೆಕ್ಟರಿನದು ತೊಂದರೆ ಎಂದೆ. ಒಂದೇ ಸಿನಿಮಾಕ್ಕೆ ಕೆಡುವ ಪ್ರೊಜೆಕ್ಟರು.

ಆಗಸ್ಟ್ 11, ಸೋಮವಾರ

ದೇವರಾಜ್ ಎಂಬವನು ಬಂದಿದ್ದ. ಇಸ್ತ್ರಿ ಅಂಗಿ, ಕೈಯಲ್ಲಿ ಎರಡು ಎಳನೀರು. ಬಂದವನೇ ಕಾಲು ಮುಟ್ಟಿದ. ಕಾಲು ಮುಟ್ಟುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಜೇಬು ಮುಟ್ಟಿ ನೋಡಿಕೊಳ್ಳುವ ಅಭ್ಯಾಸ.

‘ಅಣ್ಣಾ, ನಿಮ್ ಆಟೋ ಹಿಂದೆ ಹ್ಯಾಂಡ್‌ಬಿಲ್ಲಿಗೆ ಓಡ್ತಿದ್ದೋನು ನಾನು. ನಿಮ್ ದನಿ ಕೇಳ್ಕೊಂಡೇ ಈ ಲೈನಿಗೆ ಬಂದಿದ್ದು.’

‘ಯಾವ ಲೈನಪ್ಪಾ?’

‘ಪ್ರಚಾರ. ನೀವು ಒಂದು ಗಂಟಲಲ್ಲಿ ಮಾಡ್ತಿದ್ರಿ, ನಾವು ಸಾವಿರ ಗಂಟಲಲ್ಲಿ ಮಾಡ್ತೀವಿ. ಸ್ಟಾರ್ ಏರಿಸೋಕೆ ಒಂದು ಗುಂಪು, ಇಳಿಸೋಕೆ ಒಂದು, ಬೈಯೋಕೆ ಒಂದು. ಬೈಯೋ ಗುಂಪಿಗೆ ಪೆಟ್ರೋಲ್ ಬೇರೆ ಕೊಡ್ತೀವಿ.’

‘ಬಾಸ್ ಹೇಳಿದ್ರಾ ನನ್ ಫ್ಲೆಕ್ಸ್ ಹಾಕು ಅಂತ?’

‘ಅಯ್ಯೋ, ಅವ್ರು ದೇವ್ರಂಥೋರು, ಅವ್ರಿಗೆ ಇದೆಲ್ಲ ಎಲ್ ಗೊತ್ತು? ಹುಡುಗ್ರು ನಮ್ ಕೈ ಮೀರಿ ಹೋಗವ್ರೆ ಅಣ್ಣ. ಅದಕ್ಕೇ ಬಂದೆ, ನಿಮ್ ಒಳ್ಳೇದಕ್ಕೆ. ಜನಕ್ಕೆ ಸಿಟ್ಟು ಬಂದ್ಮೇಲೆ ಅದಕ್ಕೊಂದು ವಿಳಾಸ ಬೇಕಾಗುತ್ತೆ. ಈಗ ನಿಮ್ ವಿಳಾಸ ಇದೆ. ಬೇರೆ ವಿಳಾಸ ಕೊಟ್ಬಿಡಿ.’

ಅವನು ಕೇಳಿದ್ದು ಒಂದು ವಿಡಿಯೋ. ಹಾಲಿನ ವ್ಯಾನಿಗೆ ಹದಿಮೂರು ಬರೆಯಲು, ಬಾಸಿಗೆ ಆರು ಬರೆಯಲು ‘ಅವರ ಕಡೆಯವರು’ ಹೇಳಿದರು, ನಾನು ತಿಳಿಯದೆ ಬರೆದೆ, ತಪ್ಪಾಯಿತು. ನನ್ನ ಮೈಕಿನ ದನಿಯಲ್ಲಿ, ಅಷ್ಟೇ. ಮಾಡಿದರೆ ಸಿಂಚನಳ ಫೋಟೋ ಅಂದೇ ಇಳಿಸುತ್ತಾರೆ ಎಂದ.

‘ಆ ಹುಡುಗಿ ನನಗೇನೂ ಹೇಳಿಲ್ವಲ್ಲೋ.’

‘ಹೆಸರು ಎಲ್ ಹೇಳಿ ಅಂದೆ ಅಣ್ಣ? ಅವರ ಕಡೆಯವರು ಅಂದ್ರೆ ಸಾಕು. ಉಳಿದಿದ್ದು ಹುಡುಗ್ರು ನೋಡ್ಕೋತಾರೆ.’ ಎದ್ದು ಹೊರಡುವಾಗ, ‘ಮಗಳು ಅದೇ ಎಂಟೂ ಕಾಲಿನ ಬಸ್ಸಲ್ವಾ? ಹುಷಾರು’ ಎಂದ. ಅದನ್ನೂ ಪ್ರೀತಿಯಿಂದಲೇ ಹೇಳಿದ.

ಆಗಲ್ಲ ಎಂದು ಹೇಳಿ ಕಳಿಸಿದೆ. ಎಳನೀರು ಕುಡಿಯಲಿಲ್ಲ.

ಆಗಸ್ಟ್ 12, ಮಂಗಳವಾರ

ಎಂಟೂ ಕಾಲಿನ ಬಸ್ಸಿಗೆ ಇಬ್ಬರು ಹತ್ತಿದರಂತೆ. ಮುಟ್ಟಲಿಲ್ಲ, ಮಾತಾಡಲಿಲ್ಲ. ಸಿಂಚನಳ ಎದುರು ಸೀಟಿನಲ್ಲಿ ಕೂತು ಕಾಲೇಜಿನ ತನಕ ಫೋನಿನಲ್ಲಿ ಅವಳ ವಿಡಿಯೋ ಹಿಡಿದರು. ಅವಳು ಇಳಿದಾಗ ಕೈ ಬೀಸಿದರು.

ಅವಳು ಮನೆಗೆ ಬಂದು, ‘ನಾನೂ ಅವ್ರ ವಿಡಿಯೋ ಹಿಡ್ದಿದೀನಪ್ಪಾ, ನಾಳೆ ಹೋಗಿ ಕಂಪ್ಲೇಂಟ್ ಕೊಡೋಣ’ ಎಂದಳು. ದನಿ ಗಟ್ಟಿ ಇತ್ತು, ನೀರು ಕುಡಿಯುವಾಗ ಲೋಟ ಹಲ್ಲಿಗೆ ತಾಗಿ ಸದ್ದಾಯಿತು.

ಆ ಸದ್ದೇ ಕೇಳುತ್ತಾ ಇದೆ.

ಆಗಸ್ಟ್ 13, ಬುಧವಾರ

ಮಾಡಿದೆ.

ಹೆಸರು ಹೇಳಿಲ್ಲ. ಇದನ್ನು ಗಮನಿಸಬೇಕು. ‘ಅವರ ಕಡೆಯವರು’ ಎಂದೆ, ‘ಹಾಲಿನಂಥ ಮನಸ್ಸಿನವನು ನಾನು, ಹಾಲು ಹಾಕುವವರ ಮಾತು ನಂಬಿದೆ’ ಎಂದೆ. ಹಾಲಿನ ಮಾತು ದೇವರಾಜ್ ಬರೆದುಕೊಟ್ಟಿದ್ದಲ್ಲ, ಬಾಯಿಗೆ ತಾನೇ ಬಂತು. ಹಳೇ ಕಸುಬು, ಮೈಕ್ ಕೈಗೆ ಬಂದರೆ ಪ್ರಾಸ ತಾನೇ ಬರುತ್ತದೆ. ಒಂದೇ ಟೇಕಿನಲ್ಲಿ ಮುಗಿಯಿತು. ಅಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಸಿಂಚನಳ ಫೋಟೋ ಸಂಜೆಯೊಳಗೆ ಮಾಯವಾಯಿತು. ದೇವರಾಜನ ಹುಡುಗರು ಹೇಳಿದ ಮಾತಿಗೆ ತಪ್ಪುವವರಲ್ಲ.

ಆಗಸ್ಟ್ 15, ಶುಕ್ರವಾರ

ನಿನ್ನೆ ರಾತ್ರಿ ನಿದ್ದೆ ಬಂತು. ಬೆಳಿಗ್ಗೆ ಎರಡು ಮುದ್ದೆ ತಿಂದೆ. ಫೋನ್ ಆನ್ ಮಾಡಿ ಹೊತ್ತಾಯಿತು, ಒಂದು ಬೈಗುಳವೂ ಇಲ್ಲ. ಟಾಕೀಸಿಗೆ ಸ್ಟಾರು ನಾಲ್ಕೂವರೆ ಆಗಿದೆ, ಮೊದಲಿಗಿಂತ ಜಾಸ್ತಿ. ಒಬ್ಬ ಎಸಿ ಚೆನ್ನಾಗಿದೆ ಎಂದು ಬರೆದಿದ್ದಾನೆ. ಕೆಲಸ ನೀಟು ಅನ್ನಲೇಬೇಕು.

ಸಂಘಮಿತ್ರಳ ಕರೆಗಳು ಬರುತ್ತಿವೆ. ಎತ್ತಲಿಲ್ಲ. ಈಗಷ್ಟೇ ತಣ್ಣಗಾಗಿದೆ, ಯಾಕೆ ಕೆದಕುವುದು.

ಸಿಂಚನ ವಿಡಿಯೋ ನೋಡಿದ್ದಾಳೆ. ಮುಗಿದ ಮೇಲೆ ಫೋನ್ ಕವುಚಿಟ್ಟು ಎದ್ದು ಹೋದಳು. ಚಿಕ್ಕವಳು, ನಿಧಾನಕ್ಕೆ ಅರ್ಥವಾಗುತ್ತದೆ.

ಆಗಸ್ಟ್ 19, ಮಂಗಳವಾರ

ಸಂಘಮಿತ್ರ ಗೇಟಿಗೇ ಬಂದಳು. ಬಿಸಿಲಲ್ಲಿ ನಿಂತು, ಒಳಗೆ ಕರೆದರೂ ಬರಲಿಲ್ಲ.

‘ಚಲಪತಣ್ಣ, ನಾನು ನಿಮಗೆ ಏನಂದಿದ್ದೆ? ಹದಿಮೂರು ಬರೀರಿ ಅಂದಿದ್ನಾ?’

‘ಮೆತ್ತಗಮ್ಮ. ಯಾರಾದ್ರೂ ರೆಕಾರ್ಡ್ ಮಾಡ್ತಾರೆ.’

‘ಮಾಡ್ಲಿ. ಹೇಳಿ.’

ಸುತ್ತ ನೋಡಿದೆ. ಎದುರು ಅಂಗಡಿಯಲ್ಲಿ ಇಬ್ಬರು ನಿಂತಿದ್ದರು. ‘ನಾನ್ ನಿನ್ ಹೆಸರು ಹೇಳಿಲ್ಲ ಕಣಮ್ಮ’ ಎಂದೆ.

‘ನಮ್ ಹಾಲಿನ ಡೈರಿ ಮುಂದೆ ಫ್ಲೆಕ್ಸ್ ಹಾಕಿದಾರೆ. ನಮ್ಮಮ್ಮಂದು. ಭಾವಪೂರ್ಣ ಶ್ರದ್ಧಾಂಜಲಿ.’

ಅವಳ ತಾಯಿ ರುಕ್ಮಿಣಮ್ಮ. ಸಿನಿಮಾದಲ್ಲಿ ನಟಿಸಿದ ಹೆಂಗಸು. ‘ಏನ್ ಮಾಡಿದ್ರು ಅಮ್ಮ?’ ಎಂದೆ. ನಿಜವಾಗಿ ತಿಳಿಯಬೇಕಿತ್ತು ನನಗೆ.

‘ಏನ್ ಮಾಡ್ತಾರೆ. ಬೆಳಿಗ್ಗೆ ಕ್ಯಾನ್ ತಗೊಂಡು ಹೋದ್ರು. ನಿಂತು ನೋಡಿದ್ರು. ಫೋಟೋ ಚೆನ್ನಾಗ್ ಬಂದೈತೆ, ಮಳೆ ಬಂದಾಗ ದನಕ್ಕೆ ಹೊದ್ಸೋಕೂ ಆಯ್ತದೆ, ಬಿಚ್ಚಿ ಮಡಿಸಿಡ್ರೋ ಅಂದ್ರು. ಹಾಲು ಹಾಕಿ ಬಂದ್ರು. ಸಾಯಂಕಾಲವೂ ಹೋದ್ರು.’

‘ಭಯ ಇಲ್ವಾ?’

‘ಇದೆ. ಬಾಗಿಲಿಗೆ ಎರಡು ಅಗಳಿ ಹಾಕ್ತೀವಿ ಈಗ. ಭಯ ಅಂತ ಹಸು ಹಾಲು ಕೊಡೋದು ಬಿಡುತ್ತಾ ಅಣ್ಣ?’ ಖಾಲಿ ಗೇಟಿನ ಕಡೆ ನೋಡಿ, ‘ನಿಮ್ ಬೋರ್ಡ್ ಎಲ್ಲಿ?’ ಎಂದಳು.

‘ಒಳಗಿದೆ. ಅಳಿಸಿಲ್ಲ.’

‘ನೋಡೋರಿಲ್ದೆ ಇರೋ ಜಾಗದಲ್ಲಿ’ ಎಂದಳು. ಹೋದಳು.

ಒಳ್ಳೆ ಹುಡುಗಿ. ವ್ಯವಹಾರ ತಿಳಿಯದು. ಅವಳೂ ದೇವರಾಜನನ್ನು ಒಂದು ಮಾತು ಕಂಡಿದ್ದರೆ ಬೇರೆ ದಾರಿ ಸಿಗುತ್ತಿತ್ತು. ನಮ್ಮ ಹುಡುಗರು ಕೇಳಿದರೆ ಕೇಳುತ್ತಾರೆ.

ಆಗಸ್ಟ್ 22, ಶುಕ್ರವಾರ

ಹೊಸ ಸಿನಿಮಾ. ಅಭ್ಯಾಸಬಲ, ಹೊರಬಾಗಿಲಲ್ಲಿ ನಿಂತೆ. ‘ಎಷ್ಟಾಣೆ?’ ಕೆಲವರು ‘ಚೆನ್ನಾಗೈತೆ ಅಣ್ಣ’ ಎಂದು ಬೇಗ ಬೇಗ ಹೋದರು. ಕೆಲವರು ನನ್ನ ಕೈ ನೋಡಿದರು, ಫೋನ್ ಇದೆಯಾ ಅಂತ. ಮೊದಲ ಆಟ ತಪ್ಪಿಸದೆ ನೋಡಿ, ಎಲ್ಲರಿಗಿಂತ ಮೊದಲು ಆಣೆ ಹೇಳಿ, ಬೇಡವೆಂದರೂ ಕಾರಣ ಕೊಡುತ್ತಿದ್ದ ದೊಡ್ಡಮುನಿಯಪ್ಪ ಟವೆಲ್ ಕೊಡವಿಕೊಂಡು ಬಂದ.

‘ಎಷ್ಟಾಣೆ, ಮುನಿಯಣ್ಣ?’

‘ನೀನೇ ಬರ್ಕೊಳಪ್ಪಾ’ ಎಂದ. ನಿಲ್ಲಲಿಲ್ಲ.

ನನ್ನನ್ನು ಕಂಡರೆ ಆ ಮುದುಕನಿಗೆ ಭಯವಾಗಿದೆಯೋ, ಕೋಪವೋ, ಕತ್ತು ತಿರುಗಿಸಿಕೊಂಡಿದ್ದರಿಂದ ತಿಳಿಯಲಿಲ್ಲ.

ದೇವರಾಜ್ ಮೆಸೇಜ್ ಮಾಡಿದ್ದ. ಈ ಸಿನಿಮಾದ ಪ್ರಚಾರವೂ ಅವನದೇ. ‘ಅಣ್ಣ 15.’ ಬೋರ್ಡ್ ತರಲು ಪರದೆಯ ಹಿಂದೆ ಹೋದರೆ ಅಲ್ಲಿಲ್ಲ. ಇಲಿ ತಿನ್ನುವ ವಸ್ತುವಲ್ಲ. ಬೋರ್ಡ್ ಇಲ್ಲವೆಂದು ತಿಳಿಸಿದ್ದಕ್ಕೆ ದೇವರಾಜ್ ಬಲ್ಬಿನ ಬೋರ್ಡ್ ಒಂದು ಕಳಿಸಿದ, ಅಂಕಿ ತಾನೇ ಮಿನುಗುತ್ತದೆ. ಹದಿನೈದು ಎಂದರೆ ಹೆಚ್ಚಾಯಿತು ಅನ್ನಿಸಿ, ಹದಿನಾಲ್ಕು ಹಾಕಲೇ ಎಂದು ಕೇಳಲು ಫೋನ್ ಕೈಗೆ ತೆಗೆದುಕೊಂಡೆ. ಎಂಟೂ ಕಾಲಿನ ಬಸ್ಸು ನೆನಪಾಯಿತು. ಹದಿನೈದೇ ಹಾಕಿದೆ.

ಆಗಸ್ಟ್ 26, ಮಂಗಳವಾರ. ಗೌರಿ ಹಬ್ಬ

ಅನುಸೂಯಮ್ಮ ಬಾಗಿನಕ್ಕೆ ಬಂದರು. ಊರ ಸುದ್ದಿ ಅವರೇ ತಂದರು. ಡೈರಿಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಸಂಘಮಿತ್ರ ಸಿನಿಮಾ ತೋರಿಸುತ್ತಿದ್ದಾಳಂತೆ. ಸಂಜೆ ಹಾಲು ಹಾಕಲು ಬಂದವರು ಕೂತು ನೋಡಿ ಹೋಗುತ್ತಾರೆ. ಎದ್ದು ಹೋಗುವವರನ್ನು ರುಕ್ಮಿಣಮ್ಮ ‘ಎಷ್ಟಾಣೆ?’ ಎಂದು ಕೇಳುತ್ತಾಳಂತೆ. ಪಕ್ಕದಲ್ಲಿ ನಿಂತು ಬೋರ್ಡಿನ ಮೇಲೆ ಬರೆಯುವ ಹುಡುಗಿ ನಮ್ಮ ಸಿಂಚನಳ ಹಾಗೇ ಕಂಡಳಂತೆ.

ಸಿಂಚನಳನ್ನು ಕೇಳಿದೆ. ‘ಹೌದು. ಬೋರ್ಡನ್ನ ನಾನೇ ಆಟೋದಲ್ಲಿ ಹಾಕ್ಕೊಂಡು ಹೋದೆ. ನಿನ್ ನಂಬರ್ ಮಾತ್ರ ಅಳಿಸಿದೀನಿ, ಹೆದರ್ಬೇಡ’ ಎಂದಳು. ಎಂಟೂ ಕಾಲಿನ ಬಸ್ಸಿನಲ್ಲೇ ಹೋಗುತ್ತಾಳೆ, ಈಗಲೂ.

ಮುಗಿಯಿತು ಅಂದುಕೊಂಡಿದ್ದೇನೆ. ಯಾರಿಗೆ ಏನು ಬಂತು, ಬರೆದು ಮುಚ್ಚುತ್ತೇನೆ.

ಬಾಸು: ಏನೂ ಇಲ್ಲ. ನಮ್ಮೂರು ಯಾವ ದಿಕ್ಕಿಗಿದೆ ಎಂದೂ ಅವರಿಗೆ ಗೊತ್ತಿರಲಿಕ್ಕಿಲ್ಲ.

ದೇವರಾಜ್: ಒಂದು ಟಾಕೀಸು, ಒಂದು ಗಂಟಲು.

ಮಮತ: ಕುಂಕುಮಕ್ಕೆ ಬರುವ ಜನ. ಮಾತಿನ್ನೂ ಪೂರ್ತಿ ಬಂದಿಲ್ಲ.

ಸಂಘಮಿತ್ರ: ಒಂದು ಗೋಡೆ, ಒಂದು ಬೋರ್ಡು.

ರುಕ್ಮಿಣಮ್ಮ: ದನಕ್ಕೆ ಹೊದಿಸಲು ಒಂದು ಫ್ಲೆಕ್ಸು.

ಸಿಂಚನ: ಉಳಿದಿದ್ದ ಅರ್ಧ ಚಾಕ್‌ಪೀಸು.

ನಾನು: ಶಾಂತಿ. ಫೋನ್ ಬೆಳಿಗ್ಗೆಯಿಂದ ಮೇಜಿನ ಮೇಲೆ ಆನ್ ಆಗಿಯೇ ಇದೆ, ಒಂದು ಸಲವೂ ಸದ್ದು ಮಾಡಿಲ್ಲ. ಆಟ ಎಷ್ಟು ಹೊತ್ತಿಗೆ ಎಂದು ಕೇಳಲೂ ಯಾರೂ ಮಾಡಿಲ್ಲ.